ದಿವೇಘಾಟಿಗೆ ಹಗುರ ಗೇರು

ಪುಣೆ,
೧೯ ಅಕ್ಟೋಬರ್ ೨೦೦೮

ಚಿ. ರೇಣುಗೆ ಅವ್ವನ ಆಶೀರ್ವಾದಗಳು.

ಒಂದೇ ಊರಿನಲ್ಲಿದ್ದೂ ಅಂಚೆಗೆ ಕಾಗದ ಹಾಕುತ್ತಿದ್ದೇನೆ, ನಗಬೇಡ. ಫೋನು ಮಾಡಿದರೆ ಮೀಟಿಂಗಿನಲ್ಲಿದ್ದೇನೆ ಅನ್ನುತ್ತೀ. ದಸರೆಗೇ ಬರೆಯಬೇಕಿತ್ತು. ಬರೆಯಲು ಕುಳಿತಾಗಲೆಲ್ಲ ನಿನ್ನ ಅಪ್ಪನ ಮಾತು ಬಂದಲ್ಲಿ ಪೆನ್ನು ನಿಲ್ಲುತ್ತಿತ್ತು. ತಡವಾದದ್ದಕ್ಕೆ ಬೇಸರಿಸಬೇಡ.

ಇಲ್ಲಿ ಆರಾಮ. ಆಯಿಯ ಬೆನ್ನು ಇನ್ನಷ್ಟು ಸೆಟೆದಿದೆ, ನೆಲಕ್ಕೆ ಬಾಗಲಾರರು. ನಾನು ಸಂಜೆ ಕವಿತೆಯ ಪುಸ್ತಕ ಹಿಡಿದು ಕೂರುತ್ತೇನೆ, ಪುಟ ಮಗುಚುವುದಿಲ್ಲ. ವಿಮಾನ ನಗರದ ನಿನ್ನ ರೂಮಿಗೆ ಬಿಸಿಲು ಬರುತ್ತದೆಯೇ? ಮೊಳಕಾಲಿಗೆ ಎಣ್ಣೆ ಹಚ್ಚುತ್ತೀಯಾ?

ಸುದ್ದಿಯೆಂದರೆ, ಅಪ್ಪ ಕಾರ್ಬನ್ ನಾರಿನ ಹಗುರ ಸೈಕಲ್ಲು ತಂದರು. ಆರಿಸುವಾಗ ನನ್ನನ್ನೂ ಕರೆದೊಯ್ದಿದ್ದರು. ಉಡುಪಿ ಕಡೆಯ ದೇವದಾಸ್ ಇದ್ದಾರಲ್ಲ, ಹೋಟೆಲು ತಮ್ಮನಿಗೆ ಬಿಟ್ಟು ಸೈಕಲ್ ಅಂಗಡಿ ಇಟ್ಟವರು, ಅವರಲ್ಲಿಗೆ. ಅಪ್ಪನ ಹಠ ನಿನಗೆ ಗೊತ್ತು. ಸಾಸವಡದ ದಾರಿಯ ದಿವೇಘಾಟಿನ ಏರನ್ನು ಭಾರದ ಗೇರಿನಲ್ಲೇ ಹತ್ತಬೇಕು, ಹಗುರ ಗೇರು ಕೈಲಾಗದವರಿಗೆ ಎನ್ನುವವರು. ನಿನ್ನನ್ನೂ ಹಾಗೆಯೇ ಹತ್ತಿಸಿದರು. ಮೊಳಕಾಲಿನ ಆಪರೇಷನ್ ಆಗಿ ಆಸ್ಪತ್ರೆಯಿಂದ ನೀನು ನೇರ ಗೆಳತಿಯ ರೂಮಿಗೆ ಹೋದೆ. ಅಂದಿನಿಂದ ಅವರೊಡನೆ ಮಾತಿಲ್ಲ.

ಅಂಥವರು ಅಂಗಡಿಯಲ್ಲಿ ಮುಂದೆ ಚಿಕ್ಕ ಹಲ್ಲುಚಕ್ರ, ಹಿಂದೆ ಸಿಗುವುದರಲ್ಲೇ ದೊಡ್ಡದು ಹಾಕಿಕೊಡಿ ಎಂದರು. ಹಾಗಿದ್ದರೆ ಏರಿನಲ್ಲೂ ಕಾಲಿಗೆ ಭಾರ ಬೀಳುವುದಿಲ್ಲವಂತೆ. ದೇವದಾಸ್ ನಕ್ಕುಬಿಟ್ಟರು. "ಇದ್ರಲ್ಲಿ ಗೋಡೆ ಹತ್ಬಹುದು ಮಾರಾಯ್ರೆ. ನಿಮ್ಗೆ ಯಾಕೆ ಇದು?"

ಅಪ್ಪನಿಗೂ ವಯಸ್ಸಾಯಿತು ಎಂದು ನನಗೆ ಒಳಗೇ ಕಸಿವಿಸಿಯಾಯಿತು. ಆಮೇಲೆ ಅಪ್ಪ ಚಿಕ್ಕ ಅಳತೆಯ ಫ್ರೇಮಿನತ್ತ ಕೈ ತೋರಿಸಿದರು. ನಿಮ್ಮ ಕಾಲಿಗೆ ಇದು ಗಿಡ್ಡವಾಗುತ್ತದೆ ಎಂದು ದೇವದಾಸ್ ಹೇಳುತ್ತಿದ್ದಂತೆ ಅಪ್ಪ ನನ್ನ ರಟ್ಟೆ ಹಿಡಿದು ಮುಂದೆ ನಿಲ್ಲಿಸಿದರು.

"ಇಕಿಗಿಂತ ನಾಕ ಬೆರಳ ಎತ್ತರ ಹಿಡೀರಿ."

ನಮ್ಮ ಮನೆಯಲ್ಲಿ ನನಗಿಂತ ನಾಲ್ಕು ಬೆರಳು ಎತ್ತರ ಯಾರೆಂದು ನಿನಗೆ ಹೇಳಬೇಕೇ?

ಖಂಡೇನವಮಿಯ ಆಯುಧಪೂಜೆಗೆ ನಮ್ಮ ಅಂಗಡಿಯ ತಕ್ಕಡಿ, ಸ್ಕೂಟರು, ಈ ಸೈಕಲ್ಲು, ಎಲ್ಲಕ್ಕೂ ಚೆಂಡುಹೂವಿನ ಮಾಲೆ ಹಾಕಿದೆವು. ಕಾಯಿ ಒಡೆಯುವುದು ಎಂದಿನಂತೆ ಆಯಿ. ಅವರದು ನಮ್ಮ ಬೆಲ್ಲದ ಲಾರಿಗಳ ಬಂಪರಿಗೇ ಕಾಯಿ ಬಡಿದು ರೂಢಿಯಾದ ಕೈ. ನೆಲಕ್ಕೆ ಬಾಗಲಾಗದೆ, ನಾವು ನೋಡನೋಡುತ್ತಿದ್ದಂತೆ ಸೈಕಲ್ ಫ್ರೇಮಿನ ಮೇಲಿನ ಕೊಳವೆಗೇ ಬಡಿದುಬಿಟ್ಟರು. ಎರಡನೆಯ ಏಟಿಗೆ ಕಾಯಿ ಒಡೆಯಿತು.

"ಹೋಳ ಸಮಾ ಆದ್ವು ನೋಡೋ ಶಿವರಾಜ," ಎಂದು ಮಗನಿಗೆ ತೋರಿಸುವಾಗ ಅವರಿಗೆ ಸಂತೋಷವೋ ಸಂತೋಷ. ಅಪ್ಪ ಪ್ರಸಾದಕ್ಕೆ ಕೈ ಒಡ್ಡಿದರು.

ಒರೆಸಿ ನೋಡಿದರೆ ಒಂದು ಗೀರೂ ಇರಲಿಲ್ಲ. ನನಗೆ ಸಮಾಧಾನವಾಯಿತು. ಆದರೆ ಅಂಗಡಿಗೆ ಒಯ್ದು ತೋರಿಸಿದಾಗ ದೇವದಾಸ್ ಬೇರೆಯೇ ಹೇಳಿದರು. ಕಬ್ಬಿಣವಾದರೆ ತಗ್ಗು ಬಿದ್ದು ಪೆಟ್ಟು ತೋರಿಸುತ್ತದೆ. ಕಾರ್ಬನ್ ಒಳಗೊಳಗೇ ಎಳೆ ಬಿಡುತ್ತದೆ, ಹೊರಗೆ ಹೊಳೆಯುತ್ತಲೇ ಇರುತ್ತದೆ. ಘಾಟು ಇಳಿಯುವಾಗ ಒಮ್ಮೆಲೇ ಮುರಿದೀತು, ಯಾರನ್ನೂ ಹತ್ತಿಸಬೇಡಿ ಎಂದರು.

ಆಯಿಗೆ ನಾವು ಯಾರೂ ಹೇಳಿಲ್ಲ. ರೇಣು ಯಾವಾಗ ಬಂದು ಹತ್ತುತ್ತಾಳೆ ಎಂದು ಅವರು ದಿನಾ ಕೇಳುತ್ತಾರೆ. ಅಂದರೆ ಸೈಕಲ್ಲು ಯಾರಿಗೆಂದು ಅವರಿಗೂ ತಿಳಿದಿತ್ತು.

ದೀಪಾವಳಿಗೆ ಬಾ ಎನ್ನಲು ಧೈರ್ಯವಾಗುತ್ತಿಲ್ಲ. ಬಂದರೆ ಆ ಸೈಕಲ್ಲು ಮಾತ್ರ ಮುಟ್ಟಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕಾಲು ಗಟ್ಟಿಯಾಗಲಿ, ನೀನು ನಡೆದಲ್ಲೆಲ್ಲ ಒಳ್ಳೆಯದಾಗಲಿ.

ನಿನ್ನ ಅವ್ವ,
ನೀತಾ

ತಾ.ಕ.: ನಿನ್ನೆ ಸಂಜೆ ಅಪ್ಪ ಮಾಳಿಗೆಯ ಮೇಲೆ ಸೈಕಲ್ಲು ಒರಗಿಸಿಕೊಂಡು ರೂಪಾಯಿ ನಾಣ್ಯದಿಂದ ಕೊಳವೆಯನ್ನು ತಟ್ಟುತ್ತ ಕುಳಿತಿದ್ದರು. ಎಲ್ಲ ಕಡೆ ಟಣ್ ಎನ್ನುತ್ತಿತ್ತು, ಆಯಿ ಕಾಯಿ ಬಡಿದಲ್ಲಿ ಮಾತ್ರ ಸಪ್ಪೆ ಸದ್ದು. ನಾನು ಬಂದದ್ದು ತಿಳಿದೂ ತಲೆಯೆತ್ತಲಿಲ್ಲ. "ಅಕಿ ಮೊಳಕಾಲಿಗೂ ಹೊರಗ ಏನೂ ಕಾಣತಿರಲಿಲ್ಲ," ಅಂದರು. "ನಾಟಕ ಮಾಡಬ್ಯಾಡ, ತುಳಿ ಅಂದೆ ನಾ." ಆಮೇಲೆ ಮತ್ತೆ ತಟ್ಟತೊಡಗಿದರು, ಅದೇ ಜಾಗದಲ್ಲಿ.