ಸುಳ್ಳು ಮುಟ್ಟು

ರಾನಾಗಾಂವ್, ಅಛಾಮ್
ಮಾಘ ೯, ವಿಕ್ರಮ ಸಂವತ್ ೨೦೫೩

ಈಜಾ, ನನ್ನ ಹೆತ್ತವಳೇ,

ನಿನ್ನ ಬಿಸ್ನಾಳ ನಮಸ್ಕಾರ. ತಂಗಿ ಗೌರಾ, ಈ ಕಾಗದವನ್ನು ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಓದಬೇಡ. ಬಾಗಿಲು ಹಾಕಿಕೊಂಡು, ಈಜಾಳ ಕಿವಿಯ ಹತ್ತಿರ ಕೂತು ಓದು. ಓದಿದ ಮೇಲೆ ಒಲೆಗೆ ಹಾಕು.

ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತಿದೆ. ಇವೆರಡೂ ಸುಳ್ಳು. ಕಾಗದ ಹೀಗೇ ಶುರುವಾಗಬೇಕೆಂದು ಶಾಲೆಯಲ್ಲಿ ಕಲಿಸಿದ್ದರು, ಅದಕ್ಕೆ ಬರೆದೆ. ನಿಜ ಹೇಳಬೇಕೆಂದರೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಿಲ್ಲುವುದಕ್ಕಾದರೂ ಜಾಗ ಎಲ್ಲಿದೆ? ಎದ್ದರೆ ತಲೆ ಸೂರಿಗೆ ಬಡಿಯುತ್ತದೆ. ಹೌದು, ಊರ ಹೊರಗಿನ ಗುಡಿಸಲಿನಲ್ಲೇ ಕೂತು ಬರೆಯುತ್ತಿದ್ದೇನೆ. ಹೊರಗಾಗಿದ್ದೇನೆ ಎಂದು ಮನೆಯಲ್ಲಿ ಹೇಳಿ ಬಂದಿದ್ದೇನೆ.

ಆಗಿಲ್ಲ, ಈಜಾ. ತಿಹಾರ್ ದೀಪದ ಹಬ್ಬ ಮುಗಿಸಿಕೊಂಡು ನಿನ್ನ ಅಳಿಯ ಪುಣೆಯ ಕಾವಲು ಕೆಲಸಕ್ಕೆ ಹೊರಟ ಮೇಲೆ ನಾನು ಒಮ್ಮೆಯೂ ಹೊರಗಾಗಿಲ್ಲ. ಮೊದಲು ಚಳಿಗೆ ತಡವಾಗಿರಬೇಕು ಅಂದುಕೊಂಡೆ. ಆಮೇಲೆ ಸಾಸಿವೆ ಎಣ್ಣೆ ಕಾದ ವಾಸನೆಗೆ ಹೊಟ್ಟೆ ತೊಳಸತೊಡಗಿತು. ನೀರಿನ ಕೊಡ ಎದೆಗೆ ತಾಗಿದರೆ ಪ್ರಾಣ ಹೋದಷ್ಟು ನೋವು. ಎಮ್ಮೆಗೆ ಹುಲ್ಲು ಹಾಕುತ್ತ ನಿಂತಲ್ಲೇ ತೂಕಡಿಸುತ್ತೇನೆ. ಬಾಯಿಯಲ್ಲಿ ತಾಮ್ರದ ಚೊಂಬು ನೆಕ್ಕಿದ ರುಚಿ. ಮೊನ್ನೆ ಮೇಕೆಮರಿ ಕುಂಟುವುದನ್ನು ನೋಡಿ ಗೊಳೋ ಎಂದು ಕಣ್ಣೀರು ಹಾಕಿದೆ, ಆ ಮರಿಗೇ ಗಾಬರಿಯಾಯಿತು! ನಿಂಬೆಹಣ್ಣಿಗೆ ಉಪ್ಪು, ತಿಮೂರ್ ಮೆಣಸಿನ ಪುಡಿ ಸವರಿ ಚೀಪಬೇಕೆಂಬ ಆಸೆ ಬೆಳಗಾದರೆ ಶುರು.

ಹಿಂದಿನ ಸಲ ಇದೊಂದೂ ನನಗೆ ತಿಳಿದಿರಲಿಲ್ಲ. ನನಗಿಂತ ಮೊದಲು ಊರಿಗೇ ತಿಳಿದಿತ್ತು. ಇಲ್ಲಿ ಬಸಿರನ್ನು ಹೊಟ್ಟೆ ನೋಡಿ ಕಂಡುಹಿಡಿಯುವುದಿಲ್ಲ, ಗುಡಿಸಲು ನೋಡಿ ಕಂಡುಹಿಡಿಯುತ್ತಾರೆ. "ಈ ತಿಂಗಳು ಬಿಸ್ನಾ ಬರ್ಲೇ ಇಲ್ವಲ್ಲೇ" ಎಂದು ಒಬ್ಬಳು ಅಂದರೆ ಸಾಕು, ಸಂಜೆಯೊಳಗೆ ಮೇಲಿನ ಕೇರಿಯಲ್ಲಿ ಹೆಸರಿಡುವುದೂ ಮುಗಿದಿರುತ್ತದೆ.

ಆಮೇಲಿನದು ನಿನಗೆ ಗೊತ್ತು. ಐದನೆಯ ತಿಂಗಳಲ್ಲಿ ಗೊಬ್ಬರದ ಬುಟ್ಟಿ ಹೊತ್ತ ದಿನ ನಾಲ್ಕು ಹನಿ ರಕ್ತ ಕಂಡಿತು. ಮನೆ ಮೈಲಿಗೆಯಾಯಿತೆಂದು ಅತ್ತೆ ನನ್ನನ್ನು ಗುಡಿಸಲಿಗೆ ಕಳಿಸಿದಳು. ಆ ಚಳಿಯಲ್ಲಿ ಇಲ್ಲೇ ಕಳೆದುಕೊಂಡೆ. ನಿನಗೆ ಹೇಳದೆ ಇದ್ದದ್ದು ಒಂದಿದೆ. ಅದಾದ ಮೇಲೆ ಧಾಮಿಯನ್ನು ಕರೆಸಿದರು. ದೇವರು ಅವನ ಮೈಮೇಲೆ ಬಂದು ಅಪ್ಪಣೆ ಕೊಟ್ಟಿತು: ಈ ಸೊಸೆ ನನ್ನ ಮನೆ ಕೆಡಿಸಿದಳು, ಇನ್ನೊಮ್ಮೆ ಬಸಿರಾದರೆ ಗೊತ್ತಾದ ದಿನದಿಂದ ಹೆರುವ ತನಕ ಗುಡಿಸಲಲ್ಲೇ ಇರಬೇಕು. ಅತ್ತೆ ಎರಡೂ ಕೈ ಮುಗಿದು ಒಪ್ಪಿಕೊಂಡಳು. ಅವಳು ದೇವರಿಗೆ ಕೊಟ್ಟ ಮಾತು ತಪ್ಪಿದ್ದನ್ನು ಈ ಊರಿನಲ್ಲಿ ಯಾರೂ ಕಂಡಿಲ್ಲ.

ಅದಕ್ಕೇ ಈ ನಾಟಕ. ಒಂಬತ್ತು ತಿಂಗಳು ಇಲ್ಲಿ ಕೊಳೆಯುವುದಕ್ಕಿಂತ ತಿಂಗಳಿಗೆ ಐದು ದಿನ ವಾಸಿ ಎಂದು ಲೆಕ್ಕ ಹಾಕಿದೆ. ಇದು ಮೂರನೆಯ ಸಲ. ಹೊರಗಾದವರ ಒರತೆಗೆ ಹೋಗಿ, ಕಲೆಯೇ ಇಲ್ಲದ ಬಟ್ಟೆಯನ್ನು ಉಜ್ಜಿ ಉಜ್ಜಿ ತೊಳೆದು, ನಾಲ್ಕು ಜನ ನೋಡಲೆಂದು ಬೇಲಿಯ ಮೇಲೆ ಹರವುತ್ತೇನೆ. ನಿನ್ನೆಯವರೆಗೆ ಓರಗಿತ್ತಿ ಜಸು ಕೂಡ ಇಲ್ಲೇ ಇದ್ದಳು. ಅವಳ ಬಾಯಲ್ಲಿ ಎಳ್ಳೂ ನೆನೆಯುವುದಿಲ್ಲ. "ಏನೇ, ಬಟ್ಟೇನ ಹರಿದೇ ಹಾಕ್ತೀಯಲ್ಲ, ನಿನ್ ಗಂಡ ಪುಣೆಯಿಂದ ಥಾನುಗಟ್ಲೆ ಕಳಿಸ್ತಾನಾ?" ಎಂದು ಕೇಳಿದಳು. ನಕ್ಕೆ. ನಗುತ್ತಿದ್ದಂತೆಯೇ ವಾಂತಿ ಬಂದಂತಾಗಿ, ಹೊಗೆ ಹೊಗೆ ಎಂದು ಕೆಮ್ಮುತ್ತ ಹೊರಗೆ ಓಡಿದೆ.

ಗುಡಿಸಲಿಗೆ ಹೆದರಿ ಗುಡಿಸಲಿನಲ್ಲೇ ಅಡಗಿ ಕೂತಿದ್ದೇನೆ, ನನ್ನ ಬುದ್ಧಿಗೆ ಏನು ಹೇಳಲಿ! ನೆಲ ಹಿಮದಂತೆ ಕೊರೆಯುತ್ತದೆ. ಎದ್ದಾಗಲೆಲ್ಲ ಬಟ್ಟೆ ನೋಡಿಕೊಳ್ಳುತ್ತೇನೆ. ಏನೂ ಇಲ್ಲ. ಕೂತು, ಮತ್ತೆ ಎದ್ದು ನೋಡುತ್ತೇನೆ. ಈ ಮಗು ನನಗೆ ಬೇಕು, ಈಜಾ. ಇನ್ನೊಂದು ತಿಂಗಳು ಹೋದರೆ ಹೊಟ್ಟೆ ತಾನೇ ಎಲ್ಲರಿಗೂ ಹೇಳಿಬಿಡುತ್ತದೆ. ಆಮೇಲೆ ಏನು ಮಾಡಲಿ? ತವರಿಗೆ ಹೋಗುತ್ತೇನೆಂದು ನಾನಾಗಿ ಬಾಯಿ ಬಿಡುವಂತಿಲ್ಲ, ಯಾಕೆ ಎಂಬ ಪ್ರಶ್ನೆ ಬರುತ್ತದೆ. ನಿನ್ನನ್ನೂ ಏನೂ ಕೇಳುತ್ತಿಲ್ಲ. ನೀನೂ ದೇವರಿಗೆ ಹೆದರುವವಳೇ. ಒಳಗೇ ಇಟ್ಟುಕೊಂಡು ಸಾಕಾಯಿತು, ಬರೆದೆ, ಅಷ್ಟೆ. ಬೆಳಿಗ್ಗೆ ಬಜಾರಿಗೆ ಹೋಗುವ ಜಾನಕಿಯ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಅವಳಿಗೆ ಓದಲು ಬರುವುದಿಲ್ಲ, ಪುಣ್ಯ.

ನಿನ್ನ ಮಡಿಲನ್ನು ನೆನೆಯುತ್ತ,
ಬಿಸ್ನಾ

ತಾ.ಕ.: ಕಾಗದ ಮಡಿಸಿಯೂ ಆಗಿತ್ತು. ಸಂಜೆ ಅತ್ತೆ ಊಟ ತಂದಳು. ದಿನವೂ ದೂರದಿಂದಲೇ ತಟ್ಟೆಗೆ ರೊಟ್ಟಿ ಎಸೆದು ಹೋಗುವವಳು ಇವತ್ತು ತಲೆ ಬಗ್ಗಿಸಿ ಒಳಗೇ ಬಂದಳು. ಸೆರಗಿನ ಮರೆಯಿಂದ ಬಿಸಿ ಹಾಲಿನ ಲೋಟ ತೆಗೆದು ನನ್ನ ಮುಂದಿಟ್ಟಳು. ಹೊರಗಾದವಳು ಹಾಲು ಮುಟ್ಟಿದರೆ ಎಮ್ಮೆಯ ಕೆಚ್ಚಲು ಬತ್ತುತ್ತದೆ ಎಂದು ನನಗೆ ಹೇಳಿಕೊಟ್ಟವಳೇ ಅವಳು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಕುಡಿ," ಅಂದಳು. "ಐದು ಹೆತ್ತವಳ ಕಣ್ಣಿಗೇ ಮಣ್ಣೆರಚ್ತೀಯಾ? ಒಗ್ಗರಣೆ ಚುರ್ ಅಂದ್ರೆ ಹಿತ್ತಿಲಿಗೆ ಓಡ್ತೀಯ. ಕೊಡಾನ ಮೈಗೆ ತಾಗಿಸ್ದೆ, ಹಾವು ಹಿಡ್ದಂಗೆ ಹಿಡೀತೀಯ. ಮೊದಲ್ನೇ ತಿಂಗಳೇ ಗೊತ್ತಾಯ್ತು ನಂಗೆ."

ದೇವರ ಅಪ್ಪಣೆ ಏನಾಗುತ್ತದೆ ಎಂದು ತೊದಲಿದೆ.

"ಗೊತ್ತಾದ ದಿನದಿಂದ ಅಂತ ತಾನೇ ದೇವ್ರು ಅಂದಿದ್ದು? ನಂಗಿನ್ನೂ ಗೊತ್ತಾಗಿಲ್ಲ. ಕುಡಿಯೇ ಸುಮ್ನೆ, ಆರೋಗ್ತದೆ."

ಕುಡಿದೆ. ಅಷ್ಟರಲ್ಲಿ ಕಾಗದ ಅವಳ ಕಣ್ಣಿಗೆ ಬಿತ್ತು. ಯಾರಿಗೆಂದು ಕೇಳಿದಳು, ನಿನಗೆಂದೆ. ಬಿಚ್ಚಿಸಿದಳು. ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ನಾನು ಹೇಳಿದ ಹಾಗೇ ಬರಿ, ನಿನ್ನ ಶಾಲೆಯ ಜಾಣತನ ಸೇರಿಸಬೇಡ ಎಂದು ತಾಕೀತು ಮಾಡಿದಳು. ಇನ್ನು ಮುಂದಿನದು ಅವಳ ಮಾತು:

"ಬೀಗತಿಗೆ ನಮಸ್ಕಾರ. ಈ ಕಾಗದ ಕಂಡ ಕೂಡ್ಲೇ ಕಾಯಿಲೆ ಬೀಳು. ನೆಗಡಿ ಗಿಗಡಿ ಅಲ್ಲ, ಇವತ್ತೋ ನಾಳೆನೋ ಅನ್ನೋ ಹಂಗೆ ಬೀಳು. ಸಾಯೋದ್ರೊಳಗೆ ಮಗಳ ಮುಖ ನೋಡ್ಬೇಕು ಅಂತ ನಿನ್ ಮಗನ್ನ ಕಳ್ಸು. ನಾನು ಊರಿಗೆಲ್ಲ ಕೇಳೋ ಹಂಗೆ ಬೈದು, ಗೊಣಗಿ, ಇವಳನ್ನ ಕಳ್ಸ್ಕೊಡ್ತೀನಿ. ಇವಳು ಹೆರೋ ತನಕ ನೀನು ಹುಷಾರಾಗ್ಬೇಡ."

ಮುಗಿಯಿತೇ ಎಂದು ಕೇಳಿದೆ. ತಲೆ ಅಲ್ಲಾಡಿಸಿದಳು. ಖಾಲಿ ಲೋಟವನ್ನು ಒರೆಸಿ ಮತ್ತೆ ಸೆರಗಿನ ಮರೆಗೆ ಸೇರಿಸಿದಳು. ಆಮೇಲೆ ನನ್ನ ಮುಖ ನೋಡದೆ, ಇನ್ನೊಂದು ಬರಿ, ಅಂದಳು:

"ಹೋದ್ಸಲದ್ದನ್ನ ಸೆರಗಲ್ಲಿ ಸುತ್ಕೊಂಡು ಹೊಳೆ ದಂಡೇಲಿ ಮಣ್ಣು ಮಾಡಿದವಳು ನಾನೇ. ಹೆಣ್ಣು ಕೂಸು. ಮೂಗು ಥೇಟ್ ಇವಳದ್ದೇ. ಇವಳಿಗೆ ಹೇಳಿಲ್ಲ."