ಕೊಂದು ಬಿತ್ತುವ ಪ್ರಯೋಗಾಲಯದ ಮುಖ್ಯಸ್ಥರಿಗೆ

ಮಾನ್ಯ ಮುಖ್ಯಸ್ಥರೇ,

ನನ್ನ ಹೆಂಡತಿಯ ಪಾದದಲ್ಲಿದ್ದ ಶಿಲೀಂಧ್ರವನ್ನು ನಿಮ್ಮ ಪ್ರಯೋಗಾಲಯ ಮೊದಲು ಕೊಂದಿತು, ಆಮೇಲೆ ಬಿತ್ತಿತು, ಕೊನೆಗೆ ‘ಏನೂ ಬೆಳೆದಿಲ್ಲ’ ಎಂದು ವರದಿ ಕೊಟ್ಟಿತು. ವಿತ್ ಡ್ಯೂ ರೆಸ್ಪೆಕ್ಟ್ ಕೇಳುತ್ತೇನೆ, ಬೆಳೆಯುವುದಾದರೂ ಹೇಗೆ ಸ್ವಾಮಿ?

ಅವಳು ಸಸಿ ಮಾರುವ ನರ್ಸರಿಯಲ್ಲಿ ಬರಿಗಾಲಲ್ಲಿ ಕಳೆ ಕೀಳುತ್ತಿದ್ದಳು. ಮುಳ್ಳು ಚುಚ್ಚಿತು, ಗಂಟಾಯಿತು, ನೋವಿಲ್ಲವೆಂದು ವರ್ಷಗಟ್ಟಲೆ ಸುಮ್ಮನಿದ್ದಳು. ಗಂಟು ಒಡೆದು ಕೀವಿನ ಜೊತೆ ಕರಿ ಕಾಳು ಉದುರಿದಾಗ, “ನೋಡ್ರೀ, ನರ್ಸರಿಯವರು ನನ್ನ ಕಾಲಲ್ಲೂ ಬಿತ್ತನೆ ಮಾಡಿದಾರೆ” ಎಂದು ನಕ್ಕಳು. ಅವಳ ನಗುವಿನ ವಿಷಯ ಬರೆಯುತ್ತ ಹೋದರೆ ನಿಮ್ಮ ಮೇಜು ಸಾಲದು, ಪಾಯಿಂಟಿಗೆ ಬರುತ್ತೇನೆ.

ನೀವೇ ವಾರ್ಡಿಗೆ ಬಂದಿರಿ. ಇದು ಮೈಸಿಟೋಮ, ಬ್ಯಾಕ್ಟೀರಿಯಾದಿಂದಲೂ ಬರುತ್ತದೆ, ಬಗೆಬಗೆಯ ಶಿಲೀಂಧ್ರಗಳಿಂದಲೂ ಬರುತ್ತದೆ, ಗುರುತಿಸದೆ ಮದ್ದು ಕೊಡುವುದು ಕತ್ತಲಲ್ಲಿ ಕಲ್ಲೆಸೆದಂತೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದಿರಿ. ಬಿ.ಎ. ಅರ್ಧಕ್ಕೆ ಬಿಟ್ಟ ನನ್ನ ಇಂಗ್ಲಿಷು ತುಕ್ಕು ಹಿಡಿದಿದ್ದರೂ ಸಾರ ತಿಳಿಯಿತು. “ಹೆಸರು ಹಿಡಿದು ಹೇಳ್ತಾರಂತೆ ಕಣೇ, ಒಂದು ಚೂರು ಮಾಂಸ ಕೊಡು” ಎಂದೆ. “ನೀವು ಹೇಳಿದ್ಮೇಲೆ ಮುಗೀತಲ್ಲ” ಎಂದಳು.

ಆ ಚೂರನ್ನು ನಿಮ್ಮವರು, ಜೀವವಿರುವುದನ್ನೆಲ್ಲ ಕೊಲ್ಲುವ ಫಾರ್ಮಲಿನ್ ಬಾಟಲಿಗೆ ಹಾಕಿದರು. ಎಲ್ಲ ಚೂರುಗಳೂ ಅದರೊಳಕ್ಕೇ ಬೀಳಬೇಕಂತೆ, ಪದ್ಧತಿ! ಕರಿ ಕಾಳು ನಮ್ಮ ಕಣ್ಣಿಗೆ ಕಾಣುತ್ತಿತ್ತು, ವರದಿ ಶಿಲೀಂಧ್ರವೇ ಇಲ್ಲವೆಂದಿತು. ಗೆದ್ದದ್ದು ವರದಿ. ಅಲ್ಲಿಯವರೆಗೆ ಅಂದಾಜಿನ ಮೇಲೆ ಕೊಡುತ್ತಿದ್ದ ಶಿಲೀಂಧ್ರದ ಮಾತ್ರೆ ನಿಲ್ಲಿಸಿ ಬ್ಯಾಕ್ಟೀರಿಯಾದ ಇಂಜೆಕ್ಷನ್ ಚುಚ್ಚಿದರು. ರೋಗ ಮೂಳೆಗಿಳಿಯಿತು. ಕಾಲು ತೆಗೆದರು. ಗಾಯ ನಂಜಾಗಿ ಅವಳೂ ಹೋದಳು. ನಿಮ್ಮದೇ ಸರ್ಜನ್ ನನ್ನೆದುರು ಸಿಡುಕಿದರು: “ಫಾರ್ಮಲಿನ್ನಲ್ಲಿ ಅದ್ದಿದ್ದನ್ನ ಕಲ್ಚರ್‌ಗೆ ಇಟ್ರಾ? ಬೇಯಿಸಿದ ಕಾಳು ಎಲ್ಲಾದ್ರೂ ಮೊಳಕೆ ಬರುತ್ತೇನ್ರೀ?” ನೀವು ಕಿಟಕಿಯ ಬಳಿಯೇ ಇದ್ದಿರಿ. ಫೋನು ನೋಡಿದಿರಿ. ಅಷ್ಟೇ.

ಈಗ ಅವಳ ತಂಗಿಗೆ ಅದೇ ನರ್ಸರಿ, ಅದೇ ಗಂಟು. ಮೊನ್ನೆ ನಿಮ್ಮ ಕೋಣೆಯಲ್ಲಿ ಅದೇ ಘಾಟಿನ ಬಾಟಲಿ ಮುಂದೆ ಬಂತು. “ಭಾವ, ಅಕ್ಕನ್ನ ಮುಗಿಸಿದ್ದು ಇದೇ ಅಲ್ವಾ?” ಎಂದು ಅವಳು ಕಾಲು ಎಳೆದುಕೊಂಡಳು. “ಚೂರನ್ನ ಇದರಲ್ಲಿ ಹಾಕಬೇಡಿ” ಎಂದು ನಾನು ಬಾಟಲಿ ತಡೆದೆ. “ಏನ್ ಯಜಮಾನ್ರೇ, ನಮಗೇ ಪಾಠ ಹೇಳ್ತೀರಾ?” ಎಂದರು ನಿಮ್ಮವರು. ಹೇಳಬೇಕಾದವರು ಹೇಳಿದ್ದರೆ ನನಗೇಕೆ ಬೇಕಿತ್ತು ಈ ಮೇಷ್ಟರಿಕೆ?

ನನಗೆ ಕ್ಷಮೆಯೂ ಬೇಡ, ತನಿಖಾ ಸಮಿತಿಯೂ ಬೇಡ. ಇವಳ ಚೂರಿನಲ್ಲಿ ಅರ್ಧವನ್ನಾದರೂ ಶುದ್ಧ ಉಪ್ಪುನೀರಿನಲ್ಲಿ ಜೀವಂತವಾಗಿ ಕಳಿಸಿ. ಬಿತ್ತಿದ ತಟ್ಟೆಯನ್ನು ವಾರಕ್ಕೇ ಎಸೆಯದೆ, ನಿಧಾನವಾಗಿ ಬೆಳೆಯುವುದಕ್ಕೆ ವಾರಗಟ್ಟಲೆ ಕಾಯಿರಿ. ಅದಕ್ಕೂ ಮೊದಲು ಅವಳ ಮನೆಬಾಗಿಲಿಗೆ ನೀವೇ ಬಂದು, ಅಕ್ಕನ ವಿಷಯದಲ್ಲಿ ಆದದ್ದೇನೆಂದು ಹೇಳಿ, ಕಾಲು ತೋರಿಸುವಂತೆ ಕೇಳಿಕೊಳ್ಳಿ. ಅವಳು ಒಪ್ಪಲೇಬೇಕು, ಇಲ್ಲದಿದ್ದರೆ ಆ ಕಾಲೂ ಹೋಗುತ್ತದೆ. ಆದರೆ ಒಪ್ಪಿಸುವ ಮುಖ ನನಗಿಲ್ಲ.

ಇಂತಿ,
‘ನಿಮ್ಮ ವಿಶ್ವಾಸಿ’ ಎಂದು ಬರೆದು ಹೊಡೆದುಹಾಕಿದ
ಒಬ್ಬ ವಿಧುರ