ವಿಯೆನ್ನಾದಲ್ಲಿ ತಾಗಿಸದ ಲೋಟ

ಫೆಲ್ಶೋಕುತ್
29 ಜನವರಿ 1998

ಮಗಳೇ ಇಲ್ದಿಕೊ,

ನೀನೂ ನಿನ್ನ ಗಂಡ ಟಿಹಾಮೇರನೂ ಪಟ್ಟಣದ ಮನೆಯಲ್ಲಿ ಬೆಚ್ಚಗೆ ಇದ್ದೀರೆಂದು ನಂಬಿದ್ದೇನೆ. ನಾನೂ ಚೆನ್ನಾಗಿಯೇ ಇದ್ದೇನೆ. ಬೇರೆ ಸುದ್ದಿಗೆ ಕಾಯುತ್ತಿದ್ದರೆ ಕ್ಷಮಿಸಬೇಕು.

ವಿಯೆನ್ನಾದಿಂದ ಬಂದ ಮರುದಿನವೇ ಕಾಗದ ಹಾಕುತ್ತೇನೆಂದು ಹೇಳಿ ಹೋಗಿದ್ದವನು ಹತ್ತು ದಿನ ತಡಮಾಡಿದೆ. ತಪ್ಪು ನನ್ನದಲ್ಲ, ಪೆನ್ನಿನದು. ಅಂಗಡಿಯವಳು ಕೊಟ್ಟ ಈ ಹೊಸ ಪೆನ್ನು ಈ ಕಡೆ ಹೋಗೆಂದರೆ ಆ ಕಡೆ ಹೋಗುತ್ತದೆ. ಅಕ್ಷರ ಸೊಟ್ಟಗೆ ಕಂಡರೆ ಅವಳನ್ನು ಬೈದುಕೋ. ನಾನು ಆರನೇ ತರಗತಿಗೇ ಶಾಲೆ ಬಿಟ್ಟವನು ನಿಜ, ಆದರೆ ನನ್ನ ಅಕ್ಷರವನ್ನು ಮೇಷ್ಟ್ರು ಗೋಡೆಗೆ ಅಂಟಿಸಿ ಇಟ್ಟಿದ್ದರು. ನಿನ್ನ ಅಮ್ಮನನ್ನು, ಅಂದರೆ ನನ್ನ ಅಕ್ಕನನ್ನೇ ಕೇಳು. ಅವಳದನ್ನು ಅಂಟಿಸಿರಲಿಲ್ಲ.

ಮೊದಲು ನಿನ್ನ ಉಡುಗೊರೆಗೆ ಧನ್ಯವಾದ ಹೇಳಿ ಮುಗಿಸುತ್ತೇನೆ. ಕ್ರಿಸ್ಮಸ್ ದಿನ ಎಲ್ಲರೆದುರು ಆ ಲಕೋಟೆಯನ್ನು ನನ್ನ ಕೈಗಿಟ್ಟೆಯಲ್ಲ, "ಮಾವ, ನಿಮಗೆ ಎಪ್ಪತ್ತಾಯ್ತು, ಮೂರು ದಿನ ಆರಾಮಾಗಿ ವಿಯೆನ್ನಾ ನೋಡ್ಕೊಂಡ್ ಬನ್ನಿ. ಬಸ್ಸು, ಹೋಟ್ಲು, ಊಟ ಎಲ್ಲಾ ನಮ್ದೇ" ಎಂದೆಯಲ್ಲ, ಆಗ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೀನು ನೋಡಿದೆ. ಅದನ್ನು ಈಗ ಮರೆತುಬಿಡು. ಒಲೆಯ ಹೊಗೆ ಅದು.

ನಾನು ಅವತ್ತೇ ಕೇಳಿದ್ದೆ, "ಜನವರಿ ಹದಿನಾರರಿಂದ ಹದಿನೆಂಟು ಅಂತಿದೆ. ವರ್ಷವೂ ನಾನು ಹಂದಿ ಕೊಯ್ಯೋದು ಆಗಲೇ ಅಲ್ವಾ, ಈ ಸಲ ಯಾವಾಗ ಹಾಗಾದ್ರೆ?" ಅಂತ. ನಿನ್ನ ಅಮ್ಮ ಹಿಟ್ಟಿನ ಪಾತ್ರೆಯಿಂದ ತಲೆ ಎತ್ತದೆ, "ಈ ಸಲ ಹಂದಿ ಇನ್ನೂ ಬಡಕಲು ಕಣೋ. ಫೆಬ್ರವರಿಗೆ ನೋಡೋಣ" ಎಂದಳು. ಟಿಹಾಮೇರ್ ಕಿಟಕಿಯಾಚೆ ನೋಡುತ್ತಿದ್ದ. ಅಲ್ಲಿ ನೋಡಲು ಏನೂ ಇರಲಿಲ್ಲ. ಅವನು ಹಾಗೆ ನೋಡಿದಾಗಲೇ ನನಗೆ ಗೊತ್ತಾಗಬೇಕಿತ್ತು.

ಸರಿ, ನಿನ್ನ ವಿಯೆನ್ನಾದ ವರದಿ ಕೇಳು.

ಬಸ್ಸಿನಲ್ಲಿ ನನ್ನ ಪಕ್ಕ ಕೂತವನು ನಿವೃತ್ತ ಅಂಚೆಯವ ಆಂಬ್ರುಶ್. ಗಡಿ ದಾಟುವವರೆಗೆ ಮಾತಾಡಿದ, ದಾಟಿದ ಮೇಲೆ ಗೊರಕೆ ಹೊಡೆದ. ವಿಯೆನ್ನಾ ಎಂದರೆ ಏನೋ ಎಂದುಕೊಂಡಿದ್ದೆ. ರಸ್ತೆಗಳು ಆಸ್ಪತ್ರೆಯ ಹಾಗೆ ತೊಳೆದಿಟ್ಟಿವೆ, ಜನರೂ ಆಸ್ಪತ್ರೆಗೆ ಬಂದವರ ಹಾಗೆ ಮುಖ ಇಟ್ಟುಕೊಂಡು ಓಡಾಡುತ್ತಾರೆ. ಸಾರೋಟಿನ ಕುದುರೆಗಳ ಹಿಂದೆ ಚೀಲ ಕಟ್ಟಿದ್ದಾರೆ, ಲದ್ದಿ ಕೆಳಗೆ ಬೀಳಬಾರದಂತೆ. ಲದ್ದಿ ಹಾಕುವುದಕ್ಕೂ ನಾಚುವಂತೆ ಕುದುರೆಯನ್ನು ಬೆಳೆಸಿದ ಊರಿನಲ್ಲಿ ಮನುಷ್ಯರ ಕಥೆ ಏನಿರಬಹುದು ಹೇಳು.

ಅವರ ದೊಡ್ಡ ಚರ್ಚಿಗೆ ಸಂತ ಸ್ಟೀಫನ್ನನ ಹೆಸರು. ನಮ್ಮ ಮೊದಲ ರಾಜನ ಹೆಸರನ್ನು ಇಟ್ಟುಕೊಂಡಿದ್ದೀರಲ್ಲ, ಕೇಳಿದಿರಾ ನಮ್ಮನ್ನು ಎಂದು ಮಾರ್ಗದರ್ಶಿ ಹುಡುಗಿಯನ್ನು ವಿಚಾರಿಸಿದೆ. ಅವಳು, "ತಾತಾ, ಇವನು ಬೇರೆ ಸ್ಟೀಫನ್. ನಿಮ್ಮ ರಾಜ ಹುಟ್ಟೋಕ್ಕೆ ಎಷ್ಟೋ ನೂರು ವರ್ಷ ಮುಂಚೆ ಕಲ್ಲೇಟು ತಿಂದು ಸತ್ತೋನು" ಎಂದಳು. ಆಂಬ್ರುಶ್ ಬಸ್ಸಿನವರಿಗೆಲ್ಲ ಕೇಳುವಂತೆ ನಕ್ಕ. "ಎಲ್ಲರಿಗಿಂತ ಮುಂಚೆ ಕಲ್ಲೇಟು ತಿಂದೋನು ಅಂದ್ರೆ ನಮ್ಮೋನೇ ಇರ್ಬೇಕು ಬಿಡಮ್ಮಾ" ಎಂದೆ ನಾನು. ಆಮೇಲೆ ಯಾರೂ ನಗಲಿಲ್ಲ, ಅವಳನ್ನು ಬಿಟ್ಟು. ಆ ಚರ್ಚಿನ ಗೋಪುರಕ್ಕೆ ಮುನ್ನೂರ ನಲವತ್ಮೂರು ಮೆಟ್ಟಿಲು. ಆಂಬ್ರುಶ್ ಅರವತ್ತಕ್ಕೇ ಕೂತ. ನಾನು ತುದಿಯವರೆಗೆ ಹತ್ತಿದೆ, ಎಪ್ಪತ್ತು ವರ್ಷದ ಮುದುಕ. ಇದನ್ನು ಟಿಹಾಮೇರನಿಗೆ ಎರಡು ಸಲ ಓದಿ ಹೇಳು.

ಊಟದ ವಿಷಯ ಹೇಳದಿರುವುದೇ ಒಳ್ಳೆಯದು. ಮಾಂಸವನ್ನು ಬಡಿದು ಬಡಿದು ಹಾಳೆ ಮಾಡಿ, ಹಿಟ್ಟಿನಲ್ಲಿ ಹೊರಳಿಸಿ ಕರಿದು, ಇಡೀ ಲೋಕದಲ್ಲಿ ಇದೊಂದೇ ಎನ್ನುವಂತೆ ತಂದಿಡುತ್ತಾರೆ. ಒಂದು ತುತ್ತು ತಿಂದು ಹೇಳಿದೆ, ಈ ಪ್ರಾಣಿ ಹೆದರಿ ಸತ್ತಿದೆ ಎಂದು. ಹೆದರಿ ಸತ್ತ ಪ್ರಾಣಿಯ ಮಾಂಸ ನನ್ನ ನಾಲಗೆಗೆ ಗೊತ್ತಾಗುತ್ತದೆ. ನಲವತ್ತಾರು ವರ್ಷ ಈ ಊರಿನ ಹಂದಿಗಳನ್ನೆಲ್ಲ ಕೊಯ್ದವನು ನಾನು. ಪಾದ್ರಿಗಳ ಹಂದಿ, ಪಕ್ಷದ ಕಾರ್ಯದರ್ಶಿಯ ಹಂದಿ, ನಿನ್ನ ನಾಮಕರಣಕ್ಕೆ ಕೊಯ್ದ ಹಂದಿ. ಒಂದೂ ಹೆದರಿ ಸತ್ತಿಲ್ಲ. ಹೋದ ವರ್ಷದ್ದನ್ನು ಬಿಟ್ಟು ಹೇಳುತ್ತಿದ್ದೇನೆ. ಹೋದ ವರ್ಷ ನಿನ್ನ ಗಂಡ ಹಿಂಗಾಲು ಸಡಿಲ ಬಿಟ್ಟ, ಅದಕ್ಕೇ ಅದು ಕತ್ತಿನ ಗಾಯದ ಸಮೇತ ಬೇಲಿಯವರೆಗೆ ಓಡಿತು.

ಈಗ ಬಿಯರಿನ ಕಥೆಗೆ ಬರುತ್ತೇನೆ. ಅದು ಹೇಗೂ ಆಂಬ್ರುಶನ ಬಾಯಿಂದ ನಿನ್ನ ಕಿವಿಗೆ ಬಿದ್ದೇ ಬೀಳುತ್ತದೆ.

ಶನಿವಾರ ಮಧ್ಯಾಹ್ನ ಒಂದು ನೆಲಮಾಳಿಗೆಯ ಹೋಟೆಲಿಗೆ ಕರೆದೊಯ್ದರು. ಉದ್ದನೆಯ ಮೇಜು, ನಮ್ಮವರ ಜೊತೆಗೆ ಅವರೂ ಕೂತಿದ್ದರು. ನನ್ನೆದುರು ಲಿಯೋಪೋಲ್ಡ್ ಎನ್ನುವ ದಪ್ಪ ಮುದುಕ. ಅವನ ಅಜ್ಜಿ ನಮ್ಮ ಕಡೆಯವಳಂತೆ, ಮಾತು ಅಷ್ಟಿಷ್ಟು ಬರುತ್ತಿತ್ತು. ಏನು ಕೆಲಸ ಎಂದು ಕೇಳಿದ. ಹೇಳಿದೆ. ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತು, "ನಾನೂ ಕಸಾಯಿಯೋನೇ ಕಣಯ್ಯಾ, ಮೂವತ್ತು ವರ್ಷ" ಎಂದು ನನ್ನ ಬೆನ್ನಿಗೆ ಹೊಡೆದ. ಎರಡು ದೊಡ್ಡ ಲೋಟ ಬಿಯರ್ ತರಿಸಿದ. ತನ್ನದನ್ನು ಎತ್ತಿ ಹಿಡಿದು, "ತಗೋ, ತಾಗಿಸು" ಎಂದ.

"ನಾನು ತಾಗಿಸಲ್ಲ" ಎಂದೆ.

"ಯಾಕೆ?"

"ಸಾವಿರದೆಂಟುನೂರ ನಲವತ್ತೊಂಬತ್ತರಲ್ಲಿ ನಿಮ್ಮೋರು ನಮ್ಮ ಹದಿಮೂರು ಸೇನಾಪತಿಗಳನ್ನ ನೇಣಿಗೆ ಹಾಕಿ, ಆಮೇಲೆ ಬಿಯರ್ ಲೋಟ ತಾಗಿಸಿ ಸಂಭ್ರಮ ಮಾಡಿದ್ರಲ್ಲ, ಅದಕ್ಕೆ. ನೂರೈವತ್ತು ವರ್ಷ ಬಿಯರ್ ಲೋಟ ತಾಗಿಸಲ್ಲ ಅಂತ ನಮ್ಮ ಹಿರಿಯರು ಆಣೆ ಹಾಕವ್ರೆ. ಇನ್ನೂ ಒಂದು ವರ್ಷ ಒಂಬತ್ತು ತಿಂಗ್ಳು ಬಾಕಿ ಐತೆ. ಅವತ್ತು ಬಾ, ತಾಗಿಸ್ತೀನಿ."

ನಮ್ಮವರೆಲ್ಲ ಮೇಜು ಬಡಿದರು. ಹಾಗೆ ನೋಡಿದರೆ ಅವರಲ್ಲಿ ಅರ್ಧ ಜನ ಬೆಳಿಗ್ಗೆಯಿಂದ ಡ್ರೈವರನ ಜೊತೆ ಲೋಟ ತಾಗಿಸುತ್ತಲೇ ಇದ್ದರು. ಆಂಬ್ರುಶ್, "ಲೋ ದೆಝೋ, ಅವನೇನು ನೇಣಿನ ಹಗ್ಗ ಹಿಡ್ಕೊಂಡಿದ್ನೇನೋ, ಪಾಪ, ಕುಡ್ಯೋ" ಎಂದ. ನಾನು ಜಗ್ಗಲಿಲ್ಲ. ಲಿಯೋಪೋಲ್ಡನ ಮುಖ ಸಿಟ್ಟಿಗೆ ಕೆಂಪಾಯಿತು. ಅವರ ರಾಜಧಾನಿಯ ಮಧ್ಯದಲ್ಲಿ ಕೂತು, ಅವರದೇ ಬಿಯರಿನಿಂದ ಅವರನ್ನು ಸೋಲಿಸಿ ಬಂದೆ. ಬೇರೆ ಯಾರು ಮಾಡಿದ್ದಾರೆ ಹೇಳು.

ಹೀಗೆ ಗೆದ್ದು ಭಾನುವಾರ ಸಂಜೆ ಊರಿಗೆ ಬಂದೆ. ನಿಮ್ಮಿಬ್ಬರಿಗೂ ಅಕ್ಕನಿಗೂ ಸುಟ್ಟ ಚೆಸ್ಟ್‌ನಟ್ ಕಾಯಿ ತಂದಿದ್ದೆ, ಕಾಗದದ ಪೊಟ್ಟಣದಲ್ಲಿ. ಬೀಗ ತೆಗೆಯಲು ಬಗ್ಗಿದರೆ ಹೊಸ್ತಿಲ ಮೇಲೆ ಒಂದು ತಟ್ಟೆ. ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ತೆಗೆದೆ. ಎರಡು ಸಾಸೇಜು, ರಕ್ತ, ಅಕ್ಕಿ ಕಲಸಿ ಕರುಳಿಗೆ ತುಂಬಿದ ಹುರ್ಕಾ ಒಂದು ತುಂಡು, ಒಂದು ಹಿಡಿ ಕರಿದ ಕೊಬ್ಬು.

ಇಲ್ದಿಕೊ, ನೀನು ಈ ಊರಿನಲ್ಲಿ ಹುಟ್ಟಿದವಳು. ಹಂದಿ ಕೊಯ್ದ ಮನೆಯಿಂದ ರುಚಿಗೆಂದು ತಟ್ಟೆ ಹೋಗುವುದು ಯಾರಿಗೆ ಎನ್ನುವುದು ನಿನಗೆ ಗೊತ್ತು. ಆಚೆ ಮನೆಯವರಿಗೆ. ಮೇಷ್ಟ್ರಿಗೆ. ಕಾಯಿಲೆ ಬಿದ್ದ ವಿಧವೆಗೆ. ಅವತ್ತು ಆ ಅಂಗಳದಲ್ಲಿ ಇಲ್ಲದವರಿಗೆ. ನಲವತ್ತಾರು ವರ್ಷ ಆ ತಟ್ಟೆಗಳನ್ನು ತುಂಬಿಸಿದವನು ನಾನು. ಯಾರಿಗೆ ಎಷ್ಟು, ಯಾರ ಹಲ್ಲಿಗೆ ಯಾವ ತುಂಡು ಎಂದು ನೋಡಿ ಹಾಕಿದವನು ನಾನು. ನನ್ನ ಹೊಸ್ತಿಲಿಗೆ ಇದುವರೆಗೆ ಒಂದು ತಟ್ಟೆಯೂ ಬಂದಿರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ.

ಪೊಟ್ಟಣ ಹಿಡಿದುಕೊಂಡೇ ನಿನ್ನ ಅಮ್ಮನ ಮನೆಗೆ ಹೋದೆ. ಅಂಗಳದಲ್ಲಿ ಹಂದಿಯ ಕೂದಲು ಸುಡಲು ಹಚ್ಚಿದ ಹುಲ್ಲಿನ ಕರಿ ಇನ್ನೂ ಇತ್ತು. ನೀವಿಬ್ಬರು ಆಗಲೇ ಕಾರು ಹತ್ತಿ ಪಟ್ಟಣಕ್ಕೆ ಹೋಗಿಯಾಗಿತ್ತು, ಜಾಣರು.

"ಹಂದಿ ಬೇಗ ದಪ್ಪ ಆಗ್ಬಿಡ್ತೇನಕ್ಕಾ?" ಎಂದೆ.

ಅವಳು ಬಾಣಲೆ ಉಜ್ಜುತ್ತಿದ್ದಳು. "ಬಾ, ಕೂತ್ಕೋ. ಸೂಪು ಬಿಸಿ ಮಾಡ್ತೀನಿ."

"ಯಾರು ಕೊಯ್ದದ್ದು?"

"ಇನ್ಯಾರು, ಟಿಹಾಮೇರ್."

"ಹೇಗೆ ಕೊಯ್ದ?"

ಅಕ್ಕ ಸುಳ್ಳು ಹೇಳಬಹುದಿತ್ತು. ಚಿಕ್ಕಂದಿನಿಂದ ಅವಳಿಗೆ ಅದೊಂದು ಬರಲೇ ಇಲ್ಲ. ಕ್ರಿಸ್ಮಸ್ ದಿನ ಹೇಳಿದ ಸುಳ್ಳನ್ನೂ ನೀವೇ ಅವಳಿಗೆ ಬಾಯಿಪಾಠ ಮಾಡಿಸಿರಬೇಕು. "ಒಂದೇ ಸಲಕ್ಕೆ" ಎಂದಳು. ಆಮೇಲೆ, "ಎಪ್ಪತ್ತಾಯ್ತಲ್ಲೋ ನಿಂಗೆ. ಕೂತು ತಿನ್ನೋ ವಯಸ್ಸು. ಅವ್ರು ನಿನ್ ಒಳ್ಳೇದಕ್ಕೇ ಮಾಡಿದ್ದು" ಎಂದಳು.

ಸೂಪು ಕುಡಿಯಲಿಲ್ಲ. ಪೊಟ್ಟಣವನ್ನು ವಾಪಸ್ಸು ತಂದೆ. ನಿಮ್ಮ ಪಾಲಿನ ಚೆಸ್ಟ್‌ನಟ್ಟನ್ನೂ ನಾನೇ ತಿಂದೆ, ಆ ಸಾಸೇಜನ್ನೂ ತಿಂದೆ. ಬೆಳ್ಳುಳ್ಳಿ ಸಾಲದು. ಪಾಪ್ರಿಕಾ ಮೆಣಸಿನ ಪುಡಿ ಹಾಕಿದವನಿಗೆ ಬಣ್ಣ ಗೊತ್ತು, ರುಚಿ ಗೊತ್ತಿಲ್ಲ. ಹುರ್ಕಾದಲ್ಲಿ ಅಕ್ಕಿ ಜಾಸ್ತಿ, ನೆಂಟರು ಕಡಿಮೆಯಿದ್ದಾಗಲೂ ಯಾರು ಹೀಗೆ ಅಕ್ಕಿ ಸುರಿಯುತ್ತಾರೆ? ಮಾಂಸ ಮಾತ್ರ ಹೆದರಿ ಸತ್ತದ್ದಲ್ಲ. ಅದನ್ನು ಬರೆಯದೆ ಇರಬಹುದಿತ್ತು, ಆದರೆ ಕೆಲಸದ ವಿಷಯದಲ್ಲಿ ನಾನು ಸುಳ್ಳು ಹೇಳುವವನಲ್ಲ.

ಒಬ್ಬ ಮನುಷ್ಯನನ್ನು ಊರಿನಿಂದ ಹೊರಗೆ ಹಾಕಬೇಕೆಂದರೆ ಬೇಲಿಯಾಚೆ ತಳ್ಳಿದರೆ ಸಾಕಿತ್ತು. ಅದಕ್ಕೆ ವಿಯೆನ್ನಾವರೆಗೆ ಬಸ್ಸು, ಬೆಳಗಿನ ತಿಂಡಿ ಸಮೇತ ಹೋಟೆಲು, ಇಷ್ಟೆಲ್ಲ ಖರ್ಚು ಬೇಕಿರಲಿಲ್ಲ. ಟಿಹಾಮೇರನಿಗೆ ಹೇಳು, ಮುಂದಿನ ವರ್ಷ ಪ್ಯಾರಿಸ್ಸಿಗೆ ಕಳಿಸಲಿ. ಅದಕ್ಕೂ ದೂರದ್ದೊಂದು ಊರು ಸಿಕ್ಕರೆ ಇನ್ನೂ ಒಳ್ಳೆಯದು. ಅಷ್ಟು ದೂರ ಕಳಿಸಿದರೆ ಹಂದಿ ಕೂಗಿದ್ದೂ ನನಗೆ ಕೇಳಿಸುವುದಿಲ್ಲ.

ಇನ್ನು ಮುಗಿಸುತ್ತೇನೆ. ಚಳಿ ಜಾಸ್ತಿಯಾಗಿದೆ, ನಿನ್ನ ಬೆನ್ನುನೋವಿಗೆ ಉಣ್ಣೆಯ ಪಟ್ಟಿ ಕಟ್ಟಿಕೋ. ಸಿಟ್ಟು ಏನೇ ಇರಲಿ, ಬೆನ್ನು ನಮ್ಮ ಮನೆತನದ್ದು, ಅದಕ್ಕೆ ಏನೂ ಆಗಬಾರದು. ದೇವರು ನಿನಗೆ ಆರೋಗ್ಯ ಕೊಡಲಿ, ಬುದ್ಧಿಯನ್ನೂ ಕೊಡಲಿ. ಟಿಹಾಮೇರನಿಗೆ ಮೊದಲನೆಯದು ಸಾಕು, ಎರಡನೆಯದು ಅವನ ಹತ್ತಿರ ತುಂಬಾ ಇದೆ ಎಂದು ಈಗ ಗೊತ್ತಾಗಿದೆ.

ನಿನ್ನ ಸೋದರಮಾವ,
ದೆಝೋ
ಫೆಲ್ಶೋಕುತ್ತಿನ ಹಂದಿ ಕೊಯ್ಯುವವನು (ನೀನು ಬೇಕಾದರೆ ಹೊಡೆದುಹಾಕು, ನಾನು ಹೊಡೆದುಹಾಕುವುದಿಲ್ಲ)

ತಾ.ಕ. ಲಕೋಟೆ ಅಂಟಿಸಿಯಾಗಿತ್ತು. ಮತ್ತೆ ಬಿಚ್ಚಿದೆ.

ಪೆನ್ನು ಸರಿಯಾಗಿಯೇ ಇದೆ. ಈ ಕಾಗದವನ್ನು ಹತ್ತು ದಿನದಿಂದ ಬರೆಯುತ್ತಿದ್ದೇನೆ, ಬೆಳಿಗ್ಗೆ ನಾಲ್ಕು ಸಾಲು, ಮಧ್ಯಾಹ್ನ ಮೂರು. ಅದಕ್ಕಿಂತ ಹೆಚ್ಚು ಬರೆದರೆ ಕೈ ನನ್ನ ಮಾತು ಕೇಳುವುದಿಲ್ಲ.

ಹೋದ ವರ್ಷ ಟಿಹಾಮೇರ್ ಕಾಲು ಸಡಿಲ ಬಿಡಲಿಲ್ಲ. ಅವನು ಗಟ್ಟಿಯಾಗಿಯೇ ಹಿಡಿದಿದ್ದ. ತಪ್ಪಿದ್ದು ನನ್ನ ಚಾಕು. ಬೇಲಿಯ ಹತ್ತಿರ ಆ ಪ್ರಾಣಿ ನನ್ನನ್ನು ನೋಡಿದ್ದು ಇವತ್ತಿಗೂ ಕಣ್ಣ ಮುಂದಿದೆ. ಅಷ್ಟು ಜನರೆದುರು ನಾನು ಅವನನ್ನು ಬೈದೆ, ಅವನು ತಲೆ ತಗ್ಗಿಸಿ ಬೈಗುಳ ಕೇಳಿಸಿಕೊಂಡ. ಆಗಲೇ ನಿಮಗೆಲ್ಲ ಗೊತ್ತಾಗಿತ್ತು, ಅಲ್ಲವೇ.

ವಿಯೆನ್ನಾದಲ್ಲಿ ಲೋಟ ತಾಗಿಸದೆ ಇದ್ದದ್ದು ಆ ಹದಿಮೂರು ಜನರಿಗಾಗಿ ಅಲ್ಲ. ತುಂಬಿದ ಲೋಟ ಅದು, ಎತ್ತಿದ್ದರೆ ಅರ್ಧ ಮೇಜಿನ ಮೇಲೆ ಚೆಲ್ಲುತ್ತಿತ್ತು. ಲಿಯೋಪೋಲ್ಡ್ ಸಿಟ್ಟಾದನೆಂದು ಬರೆದದ್ದೂ ಸುಳ್ಳು. ನಮ್ಮವರು ಮೇಜು ಬಡಿಯುತ್ತಿದ್ದಾಗ ಅವನು ಮೇಜಿನ ಕೆಳಗೆ ನನ್ನ ಕೈ ನೋಡಿದ. ನನ್ನ ಲೋಟ ತೆಗೆದುಕೊಂಡು ಅರ್ಧ ಬಿಯರನ್ನು ಇನ್ನೊಂದು ಖಾಲಿ ಲೋಟಕ್ಕೆ ಸುರಿದು, ಉಳಿದರ್ಧವನ್ನು ನನ್ನ ಕಡೆಗೆ ತಳ್ಳಿದ. ನಾನು ಎರಡೂ ಕೈಯಲ್ಲಿ ಹಿಡಿದು ಕುಡಿದೆ. ಅವನು ಅಷ್ಟು ಹೊತ್ತೂ ಆಂಬ್ರುಶನ ಜೊತೆ ಹವಾಮಾನದ ವಿಷಯ ಮಾತಾಡುತ್ತಿದ್ದ. ಮೂರು ನಿಮಿಷದ ಪರಿಚಯ. ನೀವು ಒಂದು ವರ್ಷದಿಂದ ನೋಡುತ್ತಿದ್ದಿರಿ.

ನನ್ನಪ್ಪ ಚಾಕುವನ್ನು ನನಗೆ ಕೊಟ್ಟದ್ದು ಅಂಗಳದ ಮಧ್ಯದಲ್ಲಿ, ಎಲ್ಲರ ಎದುರಿಗೆ, ಹಣ್ಣಿನ ಸಾರಾಯಿ ಪಾಲಿಂಕಾದ ಮೊದಲ ಲೋಟದ ಜೊತೆ. ಈ ಸಲದ ಹಂದಿಯ ದಿನ ಟಿಹಾಮೇರನಿಗೆ ಹಾಗೆಯೇ ಕೊಡಬೇಕೆಂದು ಡಿಸೆಂಬರಿನಲ್ಲೇ ಅದನ್ನು ಮಸೆದು, ಹಿಡಿಗೆ ಕೆಂಪು ದಾರ ಸುತ್ತಿ ಇಟ್ಟಿದ್ದೆ. ದಾರ ಸುತ್ತುವುದಕ್ಕೇ ಎರಡು ಸಂಜೆ ಹಿಡಿಯಿತು. ಆಡಬೇಕಾದ ಮಾತನ್ನೂ ಹಸುವಿನ ಮುಂದೆ ಹೇಳಿ ಅಭ್ಯಾಸ ಮಾಡಿದ್ದೆ. ನಾನೇ ಕೊಡಬೇಕೆಂದಿದ್ದುದನ್ನು ನೀವು ನನ್ನ ಬೆನ್ನ ಹಿಂದೆ ತೆಗೆದುಕೊಂಡಿರಿ. ಅವನು ಯಾವ ಚಾಕುವಿನಿಂದ ಕೊಯ್ದನೋ ನನಗೆ ಗೊತ್ತಿಲ್ಲ, ಕೇಳುವ ಮನಸ್ಸೂ ಇಲ್ಲ. ನನ್ನದು ಮೇಜಿನ ಖಾನೆಯಲ್ಲೇ ಇದೆ.

ಬೇಕಿದ್ದರೆ ಅವನು ಬಂದು ಕೇಳಲಿ. ನೀನು ಬರಬೇಡ, ಅಮ್ಮನನ್ನೂ ಕಳಿಸಬೇಡ. ಕೊಡುತ್ತೇನೋ ಇಲ್ಲವೋ ಅವತ್ತು ನೋಡೋಣ. ಬರುವಾಗ ಒಂದು ಬಾಟಲಿ ಪಾಲಿಂಕಾ ತರಲಿ. ನನ್ನ ಲೋಟಕ್ಕೆ ಸುರಿಯುವಾಗ ಎಲ್ಲಿಗೆ ನಿಲ್ಲಿಸಬೇಕೆಂದು ಅವನೇ ಕಂಡುಕೊಳ್ಳಲಿ. ನಾನು ಹೇಳುವುದಿಲ್ಲ.